ಬಿಲ್ಲೆ ಅಕ್ಕನ ಗಂಟೆ

ಬೆಳಗಿನ ಐದೂ ಮುಕ್ಕಾಲು. ಕಾಲೇಜಿನ ಮೂರನೇ ಮಹಡಿಯ ಕಂಪ್ಯೂಟರ್ ಲ್ಯಾಬಿನ ಬೀಗ ತೆಗೆದ ಬಿಲ್ಲೆ ಅಕ್ಕ ಮೊದಲು ಚಪ್ಪಲಿ ಬಿಡುತ್ತಾರೆ. ಅವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದಿರುವ ನಾನೂ ಬಿಡಬೇಕು. ಬಿಡದೆ ಒಳಗೆ ಕಾಲಿಟ್ಟವರು ಪ್ರಿನ್ಸಿಪಾಲರೇ ಆಗಿರಲಿ, ಅಕ್ಕ ನೋಡುವ ಒಂದು ನೋಟ ಸಾಕು. ಕಿಟಕಿ ತೆರೆದು, ನೆಲ ಒರೆಸಿ, ನಲವತ್ತು ಕೀಬೋರ್ಡುಗಳನ್ನು ಒಂದೊಂದಾಗಿ ಬೋರಲು ಹಾಕಿ ತಟ್ಟುತ್ತಾರೆ. ಬಿಸ್ಕತ್ತಿನ ಪುಡಿ, ಕೂದಲು, ಒಮ್ಮೆ ಒಂದು ಕಿವಿಯೋಲೆಯೂ ಉದುರಿತ್ತಂತೆ. "ಓದೋದಕ್ಕಿಂತ ತಿನ್ನೋದೇ ಜಾಸ್ತಿ ಇವರದ್ದು," ಎನ್ನುತ್ತಾರೆ.

ವಯಸ್ಸು ಐವತ್ತೊಂದು, ಇಲ್ಲಿಗೆ ಬಂದು ಹದಿನೇಳು ವರ್ಷ. ಗಂಡ ಬಸ್ ಡಿಪೋದಲ್ಲಿ ಟೈರ್ ಬದಲಿಸುತ್ತಿದ್ದರು. ಅವರ ಬೆನ್ನು ಕೈಕೊಟ್ಟ ಮೇಲೆ ಈಕೆ ಪೊರಕೆ ಹಿಡಿದರು. ಮೊದಲ ವರ್ಷ ಮೌಸ್ ಮುಟ್ಟಲೂ ಹೆದರಿಕೆ. ಈಗ ಯಾವ ಯಂತ್ರ ಮುನಿಸಿಕೊಂಡಿದೆ ಎಂದು ಅದರ ಫ್ಯಾನಿನ ಸದ್ದಿನಲ್ಲೇ ಹೇಳುತ್ತಾರೆ. ದಿನಕ್ಕೆ ನಾಲ್ಕು ತಂಡ, ನೂರ ಅರವತ್ತು ವಿದ್ಯಾರ್ಥಿಗಳು, ಅರವತ್ತಾರು ಮೆಟ್ಟಿಲು ಎಂಟು ಸಲ. ನನಗೋ ಒಂದು ಸಲಕ್ಕೇ ಏದುಸಿರು.

ಅಕ್ಕನಿಗೆ ಈ ಹೆಸರು ತಂದದ್ದು ಬಾಗಿಲ ಪಕ್ಕದ ಮೇಜಿನ ಹಿಂದಿರುವ ಹಲಗೆ. ಅದರಲ್ಲಿ ನಲವತ್ತು ಮೊಳೆ, ಮೊಳೆಗೊಂದು ಹಿತ್ತಾಳೆ ಬಿಲ್ಲೆ, ಬಿಲ್ಲೆಗೊಂದು ಯಂತ್ರ. ತಂಡದ ಲೀಡರ್ ಬಿಲ್ಲೆಗಳನ್ನು ಒಯ್ದು ತನ್ನವರಿಗೆ ಹಂಚಬೇಕು. ಕೆಲಸ ಮುಗಿದವರು ಅವನಿಗೇ ಒಪ್ಪಿಸಬೇಕು, ಅವನು ಅಕ್ಕನಿಗೆ. ಒಮ್ಮೆ ಒಬ್ಬ ಲೀಡರ್ ಹೇಳದೆ ಕೇಳದೆ ಸಿನಿಮಾಕ್ಕೆ ಓಡಿಬಿಟ್ಟ. ಅವನ ಗುಂಪಿನವರು ಬಿಲ್ಲೆಗಳನ್ನು ಮೇಜಿನ ಮೇಲೆ ಸುರಿದು ಹೊರಟುಹೋದರು. ಅಕ್ಕ ಒಳಕೋಣೆಯಲ್ಲಿ ವೈರು ಸುತ್ತುತ್ತಿದ್ದರು. ಯಂತ್ರಗಳೆಲ್ಲ ಖಾಲಿ, ಹಲಗೆಯಲ್ಲಿ ಬಿಲ್ಲೆ ಇಲ್ಲ, ಮುಂದಿನ ತಂಡ ಬಾಗಿಲಲ್ಲೇ ಅರ್ಧ ಗಂಟೆ ನಿಂತಿತು. ಅಂದೇ ಅಕ್ಕ ಎರಡು ಕಾನೂನು ಮಾಡಿದರು. ಲೀಡರ್ ಹೋದರೆ ಅವನ ಗುಂಪು ಅಕ್ಕನದು. ಬಿಲ್ಲೆ ಇಟ್ಟರಷ್ಟೇ ಸಾಲದು, ಮೇಜಿಗೆ ಕಟ್ಟಿದ ಗಂಟೆ ಬಾರಿಸಲೇಬೇಕು.

ಬಿಲ್ಲೆ ಒಪ್ಪಿಸಿದವರಿಗೆಲ್ಲ ಅಕ್ಕನ ಪ್ರಶ್ನೆ ಒಂದೇ: "ಮುಗೀತಾ? ಹೇಗಾಯ್ತು?" ಮಕ್ಕಳು "ಸೊನ್ನೆ ಅಕ್ಕಾ" ಎಂದು ನಗುತ್ತಾರೆ. ನಾನು ಅಯ್ಯೋ ಪಾಪ ಎನ್ನುವುದರಲ್ಲಿದ್ದೆ. ಇಲ್ಲಿ ಪಾಠಕ್ಕೆಂದೇ ಮಾಡಿದ ಪುಟ್ಟ ಆಪರೇಟಿಂಗ್ ಸಿಸ್ಟಂ ಒಂದಿದೆ. ಅದರಲ್ಲಿ ಪ್ರೋಗ್ರಾಂ ಮುಗಿಯುವಾಗ, ತನ್ನನ್ನು ಶುರುಮಾಡಿದ ತಾಯಿ ಪ್ರೋಗ್ರಾಂಗೆ ಒಂದು ಅಂಕಿ ಬಿಟ್ಟುಹೋಗುತ್ತದೆ. ಸೊನ್ನೆ ಎಂದರೆ ಎಲ್ಲ ಸುಸೂತ್ರ. ತಾಯಿ ಅದನ್ನು ವಿಚಾರಿಸಿಕೊಳ್ಳುವವರೆಗೆ, ಮುಗಿದ ಪ್ರೋಗ್ರಾಂ ಪಟ್ಟಿಯಲ್ಲಿ ಜಾಗ ಹಿಡಿದುಕೊಂಡೇ ಇರುತ್ತದೆ. ಪಟ್ಟಿಯಲ್ಲಿರುವುದು ಅರವತ್ತನಾಲ್ಕೇ ಸಾಲು.

ಏಳು ಗಂಟೆಗೆ ಅಕ್ಕನ ಮಗಳು ಬರುತ್ತಾಳೆ. ಇದೇ ಕಾಲೇಜಿನ ಮೂರನೇ ವರ್ಷದವಳು. ಅತ್ತು ಅತ್ತು ಕಣ್ಣು ಕೆಂಪಾಗಿದೆ. ಒಂಬತ್ತಕ್ಕೆ ಪರೀಕ್ಷೆ, ಅವಳು ತಿದ್ದಿ ಬರೆದ ಸಿಸ್ಟಂ ಸಾವಿರ ಸುತ್ತು ನಿಲ್ಲದೆ ಓಡಬೇಕು. ಈಗಾಗಲೇ ಒಮ್ಮೆ ಫೇಲ್. ಇವತ್ತೂ ಆದರೆ ಇಡೀ ವರ್ಷ ಮತ್ತೆ ಓದಬೇಕು. ಅವಳದ್ದೋ, ಓಡುತ್ತಿರುವ ಪ್ರೋಗ್ರಾಂಗಳೂ ಒಂದೆರಡು ಸಾಲು ಹಿಡಿಯುವುದರಿಂದ, ಅರವತ್ತೆರಡನೇ ಸುತ್ತಿಗೇ ಜಾಗವಿಲ್ಲವೆಂದು ನಿಂತುಬಿಡುತ್ತದೆ. ಈ ಪರೀಕ್ಷೆಯ ಪ್ರತಿ ಸುತ್ತಿನಲ್ಲೂ ತಾಯಿ ಪ್ರೋಗ್ರಾಂ, ಮುಗಿದ ಮಗುವನ್ನು ವಿಚಾರಿಸದೆ ತಾನೇ ಹೊರಟುಹೋಗುತ್ತದೆ. ಅಂಥ ಮಕ್ಕಳನ್ನು, ಎಲ್ಲಕ್ಕಿಂತ ಮೊದಲು ಶುರುವಾಗಿ ಕೊನೆಯವರೆಗೂ ಇರುವ ಹಿರಿಯ ಪ್ರೋಗ್ರಾಂ ಒಂದಕ್ಕೆ ಒಪ್ಪಿಸಬೇಕು.

"ಒಪ್ಪಿಸಿದ್ದೀನಮ್ಮ. ಆದ್ರೂ ಪಟ್ಟಿ ತುಂಬ್ತಾನೇ ಹೋಗುತ್ತೆ."

ಅಕ್ಕ ಕೊನೆಯ ಸಾಲಿನ ಕೀಬೋರ್ಡ್ ತಟ್ಟುತ್ತಲೇ ಕೇಳುತ್ತಾರೆ, "ಆ ಹಿರಿಯದು ಆಗ ಏನ್ ಮಾಡ್ತಿರುತ್ತೆ?"

"ಕೆಲಸ ಇಲ್ದಿದ್ರೆ ಮಲಗಿರುತ್ತೆ."

"ಮತ್ತೆ, ಗಂಟೆ ಬಾರಿಸಿದ್ಯಾ?"

ಮಗಳು ಅಮ್ಮನನ್ನು ನೋಡುತ್ತಾಳೆ. ಮೇಜಿನ ಗಂಟೆಯನ್ನು ನೋಡುತ್ತಾಳೆ. ಹಣೆ ಚಚ್ಚಿಕೊಂಡು ಏಳನೇ ಯಂತ್ರದತ್ತ ಓಡುತ್ತಾಳೆ. ಎರಡು ವಾರ ಮೇಷ್ಟ್ರು, ಗೆಳತಿಯರು, ದಪ್ಪ ದಪ್ಪ ಪುಸ್ತಕ ಎಲ್ಲವನ್ನೂ ಸುತ್ತಿ ಬಂದವಳು. ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಸೇರಿಸಬೇಕಿದ್ದದ್ದು ಒಂದೇ ಸಾಲು: ಮಗುವನ್ನು ಒಪ್ಪಿಸಿದ ಕೂಡಲೇ ಹಿರಿಯದನ್ನು ಎಬ್ಬಿಸು.

ಒಂಬತ್ತಕ್ಕೆ ಮೇಷ್ಟ್ರು ಏಳನೇ ಯಂತ್ರದ ಮುಂದೆ ಕೂರುತ್ತಾರೆ. ಅಕ್ಕ ಅತ್ತ ಬೆನ್ನು ಹಾಕಿ, ಒರೆಸಿದ ಮೇಜನ್ನೇ ಮತ್ತೆ ಒರೆಸುತ್ತಾರೆ. ನನಗೆ ತಡೆಯಲಾಗುವುದಿಲ್ಲ, ಮೇಷ್ಟ್ರ ಹೆಗಲ ಮೇಲಿಂದ ಇಣುಕುತ್ತೇನೆ. ಅರವತ್ತು. ಅರವತ್ತೊಂದು. ಅರವತ್ತೆರಡು. ಅರವತ್ತಮೂರು ಬಂದಾಗ, ಯಾರದೋ ಮನೆಯ ಮಗಳ ಪರೀಕ್ಷೆಗೆ ನನ್ನ ಕಣ್ಣು ಒದ್ದೆಯಾಗುತ್ತದೆ. ಓಡಿ ಬಂದು ಅಕ್ಕನಿಗೆ ಹೇಳುತ್ತೇನೆ. ಸಾವಿರ ಆಗಲಿ ಎನ್ನುತ್ತಾರೆ. ಅದೇ ಮೇಜನ್ನು ಮೂರನೇ ಸಲ ಒರೆಸತೊಡಗುತ್ತಾರೆ. ಅವರ ಮನಸ್ಸನ್ನು ಬೇರೆ ಕಡೆ ತಿರುಗಿಸಲೆಂದು, ಪತ್ರಿಕೆಯಲ್ಲಿ ಬರೆಯುತ್ತೇನೆ, ಏನಾದರೂ ಆಸೆ ಇದ್ದರೆ ಹೇಳಿ ಎನ್ನುತ್ತೇನೆ.

"ಈ ಗಂಟೆ ಬದಲಾಯಿಸಿಕೊಡಲಿ ಅಂತ ಬರೀರಿ. ನಾಲಗೆ ಸವೆದುಹೋಗಿದೆ, ಒಳಕೋಣೆಗೆ ಸರಿಯಾಗಿ ಕೇಳಲ್ಲ."

ಬರೆದುಕೊಳ್ಳುತ್ತಿರುವಾಗಲೇ ಮಗಳು ಬರುತ್ತಾಳೆ. ಏಳನೇ ಬಿಲ್ಲೆಯನ್ನು ಮೇಜಿನ ಮೇಲಿಡುತ್ತಾಳೆ. ಅಮ್ಮ ಒಂದು ಮೊಳ ದೂರದಲ್ಲಿ ನಿಂತಿದ್ದರೂ ಗಂಟೆ ಬಾರಿಸುತ್ತಾಳೆ, ಒಂದಲ್ಲ, ಮೂರು ಸಲ. ಲ್ಯಾಬಿಗೆ ಲ್ಯಾಬೇ ತಿರುಗಿ ನೋಡುತ್ತದೆ.

ಅಕ್ಕ ಎಲ್ಲರನ್ನೂ ಕೇಳುವಂತೆಯೇ ಕೇಳುತ್ತಾರೆ, "ಮುಗೀತಾ? ಹೇಗಾಯ್ತು?"

"ಸೊನ್ನೆ, ಅಮ್ಮಾ."

ಅಕ್ಕ ಬಿಲ್ಲೆಯನ್ನು ಸೆರಗಿನಲ್ಲಿ ಒರೆಸಿ ಏಳನೇ ಮೊಳೆಗೆ ತೂಗುಹಾಕುತ್ತಾರೆ. ಆಮೇಲೆ ನನ್ನ ಕಡೆ ತಿರುಗಿ, "ಗಂಟೆ ವಿಷಯ ಬರೀಬೇಡಿ ಬಿಡಿ," ಎನ್ನುತ್ತಾರೆ. "ಚೆನ್ನಾಗೇ ಕೇಳಿಸ್ತು."