ದೊಡ್ಡಮ್ಮನ ಜಗುಲಿಯಲ್ಲಿ ಜಯಮ್ಮ

ಹುಣಸೆಬೀಜ ಅರೆದು ಕಾಯಿಸಿದ ಗಂಜಿಗೆ ಅದರದ್ದೇ ಒಂದು ವಾಸನೆಯಿದೆ, ಸ್ವಲ್ಪ ಹುಳಿ, ಸ್ವಲ್ಪ ಹೊಗೆ. ಮೊನ್ನೆ ಶಿರಾ ಸಂತೆಯಲ್ಲಿ, ಆ ಗಂಜಿ ಹಾಕಿದ ಹೊಸ ಕಂಬಳಿಯೊಂದನ್ನು ಬಿಡಿಸಿ ಮೂಗಿಗೆ ಹಿಡಿದೆ. ಮಿಡಿಗೇಶಿ ಹತ್ತಿರದ ನಮ್ಮ ಮನೆ ಕಣ್ಣೆದುರು ಬಂದು ನಿಂತಿತು. ಅಂಗಳದ ತುಂಬ ಕುರಿ, ನಡುಮನೆಯ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತ ದೊಡ್ಡಪ್ಪ, ಜಗುಲಿಯ ಮೇಲೆ ರಾಟೆ ತಿರುಗಿಸುತ್ತ ಉಣ್ಣೆ ನೂಲುವ ದೊಡ್ಡಮ್ಮ. ಅವಳಿಗೆ ಮಕ್ಕಳಿರಲಿಲ್ಲ. ಸ್ಕೂಲು ಬಿಟ್ಟೊಡನೆ ನಾನು ಅಮ್ಮನ ಬಳಿ ಹೋಗದೆ ಅವಳ ಪಕ್ಕದಲ್ಲೇ ಹೋಗಿ ಒರಗುತ್ತಿದ್ದೆ. ಹೆಚ್ಚು ಮಾತಿನವಳಲ್ಲ ದೊಡ್ಡಮ್ಮ. ನಿಮ್ಮ ಮನೆಯಲ್ಲೂ ಅಂಥ ಒಬ್ಬರು ಇದ್ದಿರಬಹುದು. ಇದ್ದಷ್ಟು ದಿನ ಗಮನಕ್ಕೇ ಬಾರದವರು.

ನನಗೆ ಹತ್ತು ವರ್ಷವಿದ್ದಾಗ, ಎದುರುಮನೆಯ ಸೊಸೆ ಜಯಮ್ಮನ ಹತ್ತು ತಿಂಗಳ ಗಂಡುಮಗು ಜ್ವರ ಬಂದು ತೀರಿಕೊಂಡಿತು. ಅವಳು ಪಾವಗಡದ ಕಡೆಯವಳು, ಇಪ್ಪತ್ತು ದಾಟಿರಲಿಲ್ಲ. ಬಂದವರೆಲ್ಲ ಬುದ್ಧಿ ಹೇಳಿದರು. ಇನ್ನೊಂದು ಆಗುತ್ತೆ ಅಂದರು, ದೇವರು ಕೊಟ್ಟಿದ್ದು ದೇವರೇ ತಗೊಂಡ ಅಂದರು. ಅವಳು ಊಟ ಬಿಟ್ಟಳು. ಒಂದು ಮಧ್ಯಾಹ್ನ ತೋಟದ ಬಾವಿಯ ಅಂಚಿನಲ್ಲಿ ಒಬ್ಬಳೇ ಕೂತಿದ್ದಾಳೆಂದು ಸುದ್ದಿ ಬಂದಾಗ, ದೊಡ್ಡಮ್ಮ ರಾಟೆ ಬಿಟ್ಟು ಎದ್ದುಹೋಗಿ ಅವಳ ಕೈಹಿಡಿದು ಕರೆತಂದಳು. ಜಗುಲಿಯಲ್ಲಿ ಕೂರಿಸಿ, ಮುಖ ಒರೆಸಿ, ಮತ್ತೆ ನೂಲಲು ಕೂತಳು. ಬಹಳ ಹೊತ್ತಿನ ಮೇಲೆ ಕೇಳಿದ್ದು ಒಂದೇ ಮಾತು: “ನಿನ್ ಮಗ ಹೆಂಗಿದ್ದ, ಹೇಳವ್ವ.”

ಯಾರೂ ಅದನ್ನು ಕೇಳಿರಲಿಲ್ಲ. ಜಯಮ್ಮ ಹೇಳತೊಡಗಿದಳು. ಬೆರಳು ಚೀಪಿದ್ದು, ಕೋಳಿಮರಿ ಕಂಡರೆ ಕೇಕೆ ಹಾಕಿದ್ದು, ನೀರೆರೆಯುವಾಗ ಕಾಲು ಬಡಿದದ್ದು. ಅಳು ಉಕ್ಕಿದಾಗ ಮಾತು ತೆಲುಗಿಗೆ ಜಾರುತ್ತಿತ್ತು. ದೊಡ್ಡಮ್ಮನಿಗೆ ತೆಲುಗು ಅರೆಬರೆ ಗೊತ್ತು, ಆದರೂ ತಡೆಯಲಿಲ್ಲ. ಮಾರನೆಯ ದಿನವೂ ಜಯಮ್ಮ ಬಂದಳು, ಅದರ ಮಾರನೆಯ ದಿನವೂ. ಹೇಳಿದ್ದನ್ನೇ ಹೇಳಿದಳು. ನನಗೆ ಬೇಸರವಾಗಿ, ಅವಳು ಹೋದಮೇಲೆ “ದಿನಾ ಅದೇ ಹೇಳ್ತಾಳಲ್ಲ ದೊಡ್ಡಮ್ಮ” ಅಂದೆ. “ಅವಳಿಗಿನ್ನೂ ಮುಗುದಿಲ್ಲ ಕಣಮ್ಮ,” ಅಂದಳು ದೊಡ್ಡಮ್ಮ.

ಹೀಗೆ ಎಷ್ಟೋ ದಿನ ಕಳೆದ ಮೇಲೆ ಒಂದು ಸಂಜೆ ಜಯಮ್ಮ ತಲೆತಗ್ಗಿಸಿ ಹೇಳಿದಳು: “ಜ್ವರ ಬಂದ ದಿನವೇ ಮಧುಗಿರಿ ಆಸ್ಪತ್ರೆಗೆ ಕರ್ಕೊಂಡೋಗ್ಬೇಕಿತ್ತು ಅಕ್ಕ. ನಾಳೆ ಹೋದ್ರಾಯ್ತು ಅಂದ್ಬುಟ್ಟೆ. ನಾನೇ ಅಂದಿದ್ದು.” ರಾಟೆ ನಿಂತಿತು. ನಿನ್ನ ತಪ್ಪಲ್ಲ ಎಂದು ದೊಡ್ಡಮ್ಮ ಹೇಳುತ್ತಾಳೆಂದು ನಾನು ಕಾದೆ. ಅವಳು ಹೇಳಲಿಲ್ಲ. “ಅವತ್ತು ಮಗ ಹೆಂಗಿದ್ದ?” ಅಂತಷ್ಟೇ ಕೇಳಿದಳು. “ಮೈ ಬೆಚ್ಚಗಿತ್ತು. ನಗ್ತಿದ್ದ.” “ನಗ್ತಿದ್ನಾ?” “ಊಂ, ನಗ್ತಿದ್ದ ಅಕ್ಕ.” ಜಯಮ್ಮ ಅದನ್ನೇ ಮತ್ತೆ ಮತ್ತೆ ಹೇಳಿಕೊಂಡು, ದೊಡ್ಡಮ್ಮನ ತೊಡೆಯ ಮೇಲೆ ಮುಖವಿಟ್ಟು ಅತ್ತಳು. ದೀಪ ಹಚ್ಚುವ ಹೊತ್ತಿಗೆ ಎದ್ದು, ನಮ್ಮ ಮನೆಯಲ್ಲೇ ಅರ್ಧ ಮುದ್ದೆ ಉಂಡಳು.

ಜಯಮ್ಮ ಬದುಕಿದಳು. ಮುಂದೆ ಅವಳಿಗೆ ಇಬ್ಬರು ಹೆಣ್ಣುಮಕ್ಕಳಾದರು. ದೊಡ್ಡಪ್ಪ ಹೋದ ಮೇಲೆ ಮಗ್ಗದ ಗುಂಡಿಗೆ ಮಣ್ಣು ತುಂಬಿ ಗಾರೆ ಹಾಕಿಸಿದರು, ಕುರಿಗಳನ್ನು ಮಾರಿದರು. ಎಂಬತ್ತರ ದಶಕ ಮುಗಿಯುವ ಮೊದಲೇ ದೊಡ್ಡಮ್ಮನೂ ಹೋದಳು. ಅವಳ ತಿಥಿಯ ದಿನ ಜಯಮ್ಮ ನನ್ನ ಪಕ್ಕ ಬಂದು ಕೂತು ಮೆಲ್ಲಗೆ ಅಂದಳು: “ಅಕ್ಕಂಗೂ ಒಂದು ಹೆಣ್ಣು ಕೂಸಿತ್ತು ಕಣಮ್ಮ. ನೀನು ಹುಟ್ಟೋಕ್ ಮುಂಚೆ. ಮೂರು ವರ್ಷ ಇತ್ತಂತೆ.”

“ನಿನಗೆ ಯಾರು ಹೇಳಿದ್ರು?”

“ಅಕ್ಕನೇ. ಒಂದಿನ ನಾನ್ ಕೇಳ್ದೆ, ಹೇಳಿದ್ರು.”

ಹದಿನೇಳು ವರ್ಷ ಅವಳ ಮಗ್ಗುಲಲ್ಲೇ ಬೆಳೆದ ನಾನು ಕೇಳಿರಲಿಲ್ಲ. ಮನೆಯಲ್ಲಿ ಯಾರೂ ಕೇಳಿದಂತಿರಲಿಲ್ಲ. ಮಗುವಿನ ಹೆಸರೇನೆಂದು ವಿಚಾರಿಸಿದೆ.

“ಕೆಂಪಿ,” ಅಂದಳು ಜಯಮ್ಮ. ಆಮೇಲೆ ಆ ಮಗು ಹೇಗಿತ್ತೆಂದು ಹೇಳತೊಡಗಿದಳು. ನಾನು ಅವಳ ಕಡೆ ತಿರುಗಿ ಕೂತೆ.