ಮಿಕ್ಸಿ ತಿರುಗುವಾಗ ಆಡಿದ ಮಾತು

ನಾನು ಬೆಳೆದ ದೇಶದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಲ್ಲಿನ ಸರ್ವಾಧಿಕಾರಿ ಸತ್ತು ಎಷ್ಟೋ ಕಾಲವಾಯಿತು, ಆದರೂ ಕೈ ಓಡುವುದಿಲ್ಲ. ಅಪ್ಪ ಮಣಿಪಾಲದಲ್ಲಿ ಓದಿ ಅಲ್ಲಿನ ಸರಕಾರಿ ಆಸ್ಪತ್ರೆಗೆ ಡಾಕ್ಟರಾಗಿ ಹೋದವರು. ಮರಳುಗಾಡಿನ ಆ ಊರಲ್ಲಿ ಶಾಲೆ, ಅಂಗಡಿ, ಆಸ್ಪತ್ರೆ ಎಲ್ಲೆಡೆ ಅವನೊಬ್ಬನದೇ ಫೋಟೊ. ಮನೆಯೊಳಗಿನ ಮಾತನ್ನೂ ಯಾರೋ ಕದ್ದು ಕೇಳುತ್ತಾರೆಂದು ಎಲ್ಲರೂ ನಂಬಿದ್ದರು. ಅದಕ್ಕೇ ನಮ್ಮಲ್ಲೊಂದು ಪದ್ಧತಿ ಇತ್ತು. ಹೇಳಬಾರದ್ದನ್ನು ಹೇಳಬೇಕಾದಾಗ ಅಮ್ಮ ಉಡುಪಿಯಿಂದ ತಂದಿದ್ದ ಮಿಕ್ಸಿ ಹಾಕುತ್ತಿದ್ದಳು. ಅದು ಗರ್ರೆನ್ನುವಾಗ ಅಪ್ಪ ಅವಳ ಕಿವಿಗೆ ಬಾಯಿಟ್ಟು ಮಾತಾಡುತ್ತಿದ್ದರು. ಈ ಇಂಡಿಯಾದವರು ಎಷ್ಟು ಚಟ್ನಿ ತಿನ್ನುತ್ತಾರಪ್ಪಾ ಎಂದು ಕದ್ದು ಕೇಳುವವರಿಗೆ ಅನ್ನಿಸಿರಬೇಕು. ಫೋನಿನಲ್ಲಾದರೆ ಒಂದೇ ಮಾತು: ಎಲ್ಲ ಸೌಖ್ಯ.

ಒಂದು ದಿನ ಪಕ್ಕದ ಮನೆಯ ಮೇಷ್ಟ್ರನ್ನು ಹಿಡಿದುಕೊಂಡು ಹೋದರು. ಅವರ ಮಗಳು ನನ್ನ ಜೀವದ ಗೆಳತಿ. ಕೆಲವೇ ದಿನಗಳಲ್ಲಿ ಅವಳೂ ಅವಳ ತಾಯಿಯೂ ಕಾಣೆಯಾದರು, ಬಾಗಿಲಿಗೆ ಹೊಸ ಬೀಗ ಬಿತ್ತು. ಅವಳು ಎಲ್ಲಿ ಎಂದು ಕೇಳಿದ್ದಕ್ಕೆ ಅಪ್ಪ, "ದೊಡ್ಡವಳಾಗು, ಹೇಳ್ತೇನೆ" ಎಂದರು. ದೊಡ್ಡವಳಾದೆ, ಮದುವೆಯಾದೆ, ಮಲೇಷ್ಯಾದ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡತೊಡಗಿದೆ. ಅಪ್ಪ ಹೇಳಲೇ ಇಲ್ಲ.

ಅಮ್ಮ ತೀರಿಕೊಂಡ ಮೇಲೆ ಅಪ್ಪ ಮಲೇಷ್ಯಾಕ್ಕೆ, ಮಾಂಟ್ ಕಿಯಾರಾದ ನಮ್ಮ ಮನೆಗೆ ಬಂದರು, ಬಂದವರು ಲಾಕ್‌ಡೌನಿನಲ್ಲಿ ಸಿಕ್ಕಿಬಿದ್ದರು. ರಸ್ತೆಯಲ್ಲಿ ಪೊಲೀಸರ ತಡೆ, ಅಂಗಡಿಗೆ ಕಾಲಿಟ್ಟರೆ ಫೋನಿನಲ್ಲಿ ಹೆಸರು ದಾಖಲು. ಇದೆಲ್ಲ ಕಾಯಿಲೆ ತಡೆಯಲಿಕ್ಕೆ ಎಂದು ಡಾಕ್ಟರಾದ ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ನಮ್ಮೆಲ್ಲರ ಫೋನುಗಳನ್ನು ಟವೆಲಿನಲ್ಲಿ ಸುತ್ತಿ ಕಪಾಟಿನಲ್ಲಿ ಇಡುತ್ತಿದ್ದರು. "ಅಜ್ಜ, ಇಟ್ಸ್ ಜಸ್ಟ್ ಆ್ಯಪ್ ಲಾ" ಎಂದು ನನ್ನ ಮಗಳು ಮಲೇಷ್ಯಾದವರ ಧಾಟಿಯಲ್ಲಿ ನಕ್ಕಳು. ಅವರೂ ನಕ್ಕರು, ಟವೆಲು ಮಾತ್ರ ಬಿಚ್ಚಲಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು, ಅಪ್ಪನ ಮೇಲಲ್ಲ, ಆ ಫೋಟೊದವನ ಮೇಲೆ.

ಕೊನೆಗೆ ಅಪ್ಪನಿಗೇ ಕೋವಿಡ್ ಬಂತು. ಆಸ್ಪತ್ರೆಯೊಳಗೆ ನಮಗೆ ಪ್ರವೇಶವಿರಲಿಲ್ಲ. ಸಂಜೆ ಗಂಟಲಿಗೆ ಕೊಳವೆ ಹಾಕುತ್ತೇವೆ, ಆಮೇಲೆ ಮಾತಾಡಲಾಗದು ಎಂದು ಹೇಳಿ ನರ್ಸ್ ವಿಡಿಯೊ ಕಾಲ್ ಮಾಡಿಕೊಟ್ಟಳು. ಈಗ ಕೇಳದಿದ್ದರೆ ಇನ್ನೆಂದಿಗೂ ಇಲ್ಲ.

"ಅಪ್ಪಾ, ನನ್ನ ಗೆಳತಿಗೆ ಏನಾಯ್ತು? ಈಗಾದ್ರೂ ಹೇಳಿ."

ಅವರು ನರ್ಸನ್ನು ನೋಡಿದರು, ಫೋನನ್ನು ನೋಡಿದರು. "ಎಲ್ಲ ಸೌಖ್ಯ" ಎಂದರು.

ನಾನು ಅಡುಗೆಮನೆಗೆ ಓಡಿದೆ. ಫೋನನ್ನು ಮಿಕ್ಸಿಯ ಪಕ್ಕ ಒರಗಿಸಿಟ್ಟು, ತೆಂಗಿನಕಾಯಿ ಚೂರು ಹಾಕಿ ಗುಂಡಿ ತಿರುಗಿಸಿದೆ. ಸದ್ದು ಕೇಳಿದ್ದೇ ಅಪ್ಪನ ಮುಖ ಸಡಿಲವಾಯಿತು. ಆಮ್ಲಜನಕದ ಮಾಸ್ಕ್ ಸರಿಸಿ ಮಾತಾಡತೊಡಗಿದರು.

ನನಗೆ ಒಂದಕ್ಷರವೂ ಕೇಳಿಸಲಿಲ್ಲ. ಆಗೆಲ್ಲ ಅಮ್ಮನ ಕಿವಿ ಅಪ್ಪನ ಬಾಯಿಯ ಪಕ್ಕದಲ್ಲೇ ಇರುತ್ತಿತ್ತು ಎಂಬುದು ನನಗೆ ಹೊಳೆದದ್ದೇ ಆಗ. ಮಿಕ್ಸಿ ನಿಲ್ಲಿಸಿದರೆ ಮಾತೂ ನಿಲ್ಲುತ್ತದೆ. ತುಟಿ ಅಲ್ಲಾಡುತ್ತಿತ್ತು, ಒಮ್ಮೆ ಕಣ್ಣೊರೆಸಿಕೊಂಡರು. ನಾನು ತಲೆಯಾಡಿಸುತ್ತಲೇ ಇದ್ದೆ. ಕಾಯಿ ನುಣ್ಣಗಾಗಿ ಮೋಟರು ಸುಟ್ಟ ವಾಸನೆ ಬರುವಾಗ ನರ್ಸ್ ಮಾಸ್ಕನ್ನು ಮತ್ತೆ ಏರಿಸಿದಳು. ಮಿಕ್ಸಿ ಆರಿಸಿದೆ.

ಆಮೇಲೆ ಅಪ್ಪ ಆಡಿದ್ದು ಒಂದೇ ಮಾತು, ಅದೇ ಕೊನೆಯದೂ ಆಯಿತು. "ಅಂತೂ ಹೇಳಿ ಆಯ್ತಲ್ಲ, ಮಗಾ?"

"ಹೂಂ ಅಪ್ಪಾ," ಎಂದೆ. "ಎಲ್ಲ ಕೇಳಿಸ್ತು."