ಹನುಮಪ್ಪನ ಹಾರಕ್ಕೆ ಲವಂಗದ ಎಣ್ಣೆ

ಗುಡಿಯಿಂದ ಎಲ್ಲರೂ ಪ್ರಸಾದ ತರುತ್ತಾರೆ. ಈ ಮಳೆಗಾಲದಲ್ಲಿ ಒಂದು ಶನಿವಾರ ನಾನು ದೂರು ಹೊತ್ತು ತಂದೆ.

ಶಿರಹಟ್ಟಿಯ ನಮ್ಮ ಓಣಿಯ ಹನುಮಪ್ಪನಿಗೆ ಶನಿವಾರ ವೀಳ್ಯದೆಲೆಯ ಹಾರ. ಪೂಜೆ ನಮ್ಮ ಅಣ್ಣನದು. ಎಲೆ ಲಕ್ಷ್ಮೇಶ್ವರದ ಹುಸೇನಸಾಬರ ತೋಟದ್ದು, ಅವರ ಅಪ್ಪನ ಕಾಲದಿಂದಲೂ ಅಲ್ಲಿಂದಲೇ. ಲಕ್ಷ್ಮೇಶ್ವರದ ಶಾಲೆಯಲ್ಲಿ ಪಾಠ ಮಾಡಿ ಸಂಜೆ ಬಸ್ಸಿಗೆ ಮನೆಗೆ ಬರುವ ನಾನೇ ಆ ಎಲೆಗೆ ಪೋಸ್ಟ್‌ಮನ್. (ದಾರಿಯಲ್ಲಿ ಒಂದೆರಡು ಎಲೆ ನನ್ನ ಬಾಯಿಗೂ ಡೆಲಿವರಿ ಆಗುತ್ತವೆ. ಅಣ್ಣ ಈ ಅಂಕಣ ಓದುವುದಿಲ್ಲ, ಅಷ್ಟು ಸಮಾಧಾನ.)

ಅವತ್ತು ಅಣ್ಣ ಕಟ್ಟು ಬಿಚ್ಚಿದವನೇ ಮುಖ ಕಿವುಚಿದ. ಎಲೆಗಳ ಮೇಲೆ ಕಂದು ಚುಕ್ಕೆ, ಸುತ್ತ ಹಳದಿ.

"ಚುಕ್ಕಿ ಬಿದ್ದ ಎಲಿ ದೇವರಿಗೆ ನಡಿಯಂಗಿಲ್ಲೋ. ಬ್ಯಾರೆ ಕಡೆ ತರಿಸ್ತೀವಿ ಅಂತ ಸಾಬರಿಗೆ ಹೇಳಿಬಿಡು."

ಹೇಳಿಬಿಡು ಅನ್ನೋದು ಸುಲಭ. ಹೇಳಬೇಕಾದವನು ನಾನು!

ಸೋಮವಾರ ತೋಟಕ್ಕೆ ಹೋದೆ. ನನ್ನ ದವಡೆ ಬೇರೆ ಬಾತಿತ್ತು. ಹಲ್ಲಿನ ಸಂದಿಯಲ್ಲಿ ಲವಂಗದ ಎಣ್ಣೆಯ ಹತ್ತಿ. ಹೇಗೋ ತೊದಲಿ ವಿಷಯ ಹೇಳಿದೆ. ಹುಸೇನಸಾಬರು ಬಳ್ಳಿ ಹಿಡಿದುಕೊಂಡು ನಿಂತುಬಿಟ್ಟರು.

"ಬಳ್ಳಿ ಹೋದ್ರ ಹೋಗಲಿ ಮಾಸ್ತರ್ರ, ಮತ್ತ ಹಚ್ಚಬಹುದು. ನಮ್ಮಪ್ಪ ಕೊಡತಿದ್ದ ಹಾರ ನನ್ನ ಕೈಯಾಗ ತಪ್ಪಿತಲ್ಲರಿ!"

ನಾನು ಬಗ್ಗಿ ಚುಕ್ಕೆ ಬಿದ್ದ ಎಲೆಗಳನ್ನು ನೋಡಿದೆ.

ಇದು ಬ್ಯಾಕ್ಟೀರಿಯಾ ರೋಗ. ಅದಕ್ಕೆ ಹೊಡೆಯುವ ಔಷಧದ ಪುಡಿ ಪೇಟೆಯಲ್ಲಿ ಸಿಗುತ್ತದೆ. ಸಾಬರು ತಂದೂ ಇಟ್ಟಿದ್ದರು, ಹೊಡೆದಿರಲಿಲ್ಲ. ಯಾಕೆ?

"ಜ್ವಾಳ ಆದ್ರ ಬೀಸಿ, ಸುಟ್ಟು ತಿಂತಾರ. ಎಲಿ ಹರದು, ಅಂಗಿಗೆ ಒರೆಸಿ, ಹಂಗ ಬಾಯಾಗ ಇಟ್ಕೋತಾರ. ವಿಷ ಹೊಡದು ಹೆಂಗ ಕೊಡಲ್ರಿ?"

ಅಂಗಿಗೆ ಒರೆಸಿ ಬಾಯಿಗಿಡುವ ಆಸಾಮಿ ಅವರೆದುರೇ ನಿಂತಿದ್ದ. ಬೆಳೆಯುವವನೂ ತಿನ್ನುವವನೂ ಹೀಗೆ ಮುಖಾಮುಖಿ ನಿಂತರೆ ವಿಷದ ಮಾತು ಎಷ್ಟು ಬೇಗ ಮುಗಿಯುತ್ತದೆ ನೋಡಿ!

ಅಷ್ಟರಲ್ಲಿ ಅವರಿಗೆ ನನ್ನ ಬಾಯಿಯ ವಾಸನೆ ಬಡಿಯಿತು.

"ಏನ್ ಹಚ್ಚೀರಿ ಹಲ್ಲಿಗೆ?"

"ಲವಂಗದ ಎಣ್ಣಿ. ಕ್ರಿಮಿ ಸಾಯ್ತಾವ."

"ಅಲ್ರಿ, ಲವಂಗ ನಾವು ಎಲ್ಯಾಗ ಹಾಕ್ಕೊಂಡು ತಿಂತೀವಿ. ಎಲಿ ಒಳಗ ಹಾಕೂದನ್ನ ಹೊರಗ ಹೊಡದ್ರ ಏನಾಗತೈತಿ?"

ಈ ಲಾಜಿಕ್ಕು ಮಾಸ್ತರನಿಗೂ ಹಿಡಿಸಿತು.

ಗದಗಿನಿಂದ ಲವಂಗದ ಎಣ್ಣೆಯ ಶೀಶೆ ತಂದೆ. ಮೊದಲ ಪ್ರಯೋಗ ಪೂರಾ ಫೇಲ್. ಔಷಧ ಹೊಡೆಯುವ ಪಂಪಿನ ನೀರಿಗೆ ಎಣ್ಣೆ ಸುರಿದೆವು. ಅದು ಮೇಲೆ ತೇಲಿತು. ಕೊನೆಯ ಸಾಲಿಗೆ ಬರೀ ಎಣ್ಣೆ ಬಿದ್ದು ಎಲೆ ಸುಟ್ಟುಹೋದವು. (ಎಣ್ಣೆ ನೀರಿನಲ್ಲಿ ಬೆರೆಯುವುದಿಲ್ಲ ಎಂದು ವರ್ಷಾ ವರ್ಷ ಪಾಠ ಮಾಡುವ ಮಹಾಶಯ ನಾನೇ.)

ಭಾನುವಾರ ಎಣ್ಣೆ ಹಚ್ಚಿಕೊಂಡು ಎರೆದುಕೊಳ್ಳುವಾಗ ತಲೆ ಕೆಲಸ ಮಾಡಿತು. ಅಂಟುವಾಳದ ನೊರೆ ಕೂದಲಿನ ಎಣ್ಣೆಯನ್ನು ನೀರಿನ ಜೊತೆ ಇಳಿಸುತ್ತದಲ್ಲ? ಅದನ್ನೇ ಪಂಪಿಗೆ ಹಾಕಿದರೆ? ಅಂಟುವಾಳದ ನೀರಿಗೆ ಒಂದಿಷ್ಟು ಹನಿ ಎಣ್ಣೆ ಕಲಕಿ, ಭಯದಿಂದ ಮೊದಲು ಒಂದೇ ಬಳ್ಳಿಗೆ ಹೊಡೆದೆವು. ಸುಡಲಿಲ್ಲ. ಆಮೇಲೆ ಇಡೀ ತೋಟಕ್ಕೆ. ಚುಕ್ಕೆಯ ಎಲೆಗಳನ್ನು ಸಾಬರು ಕಿತ್ತು ಬೆಂಕಿಗೆ ಹಾಕಿದರು.

ಹೊಸ ಎಲೆ ಚೊಕ್ಕವಾಗಿ ಬಂತು. ಎಣ್ಣೆಯ ಗುಣವೋ, ಬೆಂಕಿಯ ಗುಣವೋ, ಮಳೆ ಹಿಂದೆ ಸರಿದದ್ದೋ? ಖರೆ ಹೇಳಬೇಕೆಂದರೆ ನನಗೆ ಗೊತ್ತಿಲ್ಲ. ಸಾಬರಿಗಂತೂ ಅದು ಬೇಕಾಗಿಯೂ ಇರಲಿಲ್ಲ.

ಚೊಕ್ಕ ಎಲೆ ಕೊಯ್ದ ಮೊದಲ ಶನಿವಾರ ಕಟ್ಟನ್ನು ನನ್ನ ಕೈಗೆ ಕೊಡದೆ ಅವರೇ ಬಸ್ಸಿನಲ್ಲಿ ತಂದರು. ಅಣ್ಣ ಒಂದೊಂದೇ ಎಲೆಯನ್ನು ಬೆಳಕಿಗೆ ಹಿಡಿದು ನೋಡಿದ. ಹಾರ ಪೋಣಿಸಿ ಹನುಮಪ್ಪನ ಕೊರಳಿಗೆ ಹಾಕಿದ. ಗುಡಿಯ ಕಟ್ಟೆಯ ಮೇಲೆ ಕೂತಿದ್ದ ಸಾಬರು ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಂಡರು, ಜೊತೆಗೆ ಕಣ್ಣನ್ನೂ. ಅವತ್ತು ನನಗೆ ಊಟ ಬಹಳ ರುಚಿಸಿತು.

ಪ್ರಸಾದದ ಎಲೆ ಜಗಿದ ಭಕ್ತರಿಗೂ ರುಚಿಸಿತು. ತೊಳೆದರೂ ಲವಂಗದ ಘಮ ಉಳಿದಿತ್ತಲ್ಲ!

ಈಗ ಬಳ್ಳಿ ಗಟ್ಟಿಯಾಗಿದೆ, ಎಣ್ಣೆ ಹೊಡೆಯುವುದು ನಿಂತಿದೆ. ಹೋದ ಶನಿವಾರ ಪೂಜೆ ಮುಗಿಸಿ ಎಲೆ ಬಾಯಿಗಿಟ್ಟ ಅಣ್ಣ ಮತ್ತೆ ಮುಖ ಕಿವುಚಿದ.

"ಚುಕ್ಕಿ ಇಲ್ಲ ಖರೆ. ಆ ಲವಂಗದ ಘಮಾ ಎಲ್ಲಿ ಹೋತೋ? ಮಂದಿ ಕೇಳಾಕ ಹತ್ಯಾರ. ಸಾಬರಿಗೆ ಹೇಳು."

ಹೇಳಲು ಮತ್ತೆ ನಾನೇ ಹೋದೆ. ಸಾಬರು ಬಿದ್ದು ಬಿದ್ದು ನಕ್ಕರು.

"ಬಳ್ಳಿ ಜಡ್ಡು ಹೋತು, ಈಗ ನಿಮ್ಮ ಅಣ್ಣಾರಿಗೆ ಹತ್ತೇತಿ. ಅವರಿಗೆ ಯಾವ ಎಣ್ಣಿ ಹೊಡಿಯೂಣು, ಮಾಸ್ತರ್ರ?"